ಹರೆಯದ ಹುಂಜ ಮೈಮೇಲೆ ಬಂದಾಗ

ಮರಿಯಾಗಿದ್ದಾಗ ಅಂಗೈ ಮೇಲೆ ಕೂತು ನುಚ್ಚು ತಿಂದ ಹುಂಜವೇ ಐದು ತಿಂಗಳಿಗೆ ಮೊಣಕಾಲಿಗೆ ಹಾರಿ ಒದೆಯುತ್ತದೆ. ಮುದ್ದು ಮಾಡಿ ಸಾಕಿದ್ದಕ್ಕೇ ಈ ಚಾಳಿ ಜಾಸ್ತಿ. ಕೈಯಲ್ಲಿ ಆಡಿ ಬೆಳೆದದ್ದಕ್ಕೆ ಮನುಷ್ಯರ ಅಂಜಿಕೆ ಇರುವುದಿಲ್ಲ. ಮೈಯಲ್ಲಿ ಬಿಸಿ ಏರಿದಾಗ ಅದರ ಕಣ್ಣಿಗೆ ನಾವೂ ಇನ್ನೊಂದು ಹುಂಜ, ಅಷ್ಟೇ. ನಾಟಿ ತಳಿಯಲ್ಲಿ ಇದು ನಾಲ್ಕೂವರೆ, ಐದು ತಿಂಗಳಿಗೆ ಶುರುವಾಗಿ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ತಗ್ಗುತ್ತದೆ. ತಗ್ಗದೆ ಉಳಿಯುವವೂ ಇವೆ.

ಬೆಂಗಳೂರಿನಲ್ಲಿ ಇದು ಇನ್ನಷ್ಟು ಬಿಗಡಾಯಿಸುವುದಕ್ಕೆ ಕಾರಣ ಜಾಗ. 30×40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹಿಂದೆ ಉಳಿಯುವುದು ನಾಲ್ಕಡಿ ಓಣಿ. ಹಳ್ಳಿಯ ಕಣದಲ್ಲಾದರೆ ಹುಂಜ ಪಕ್ಕಕ್ಕೆ ಸರಿದು ಮಾನ ಉಳಿಸಿಕೊಳ್ಳುತ್ತದೆ. ಇಲ್ಲಿ ಒಗೆಯೋ ಕಲ್ಲಿಗೆ ಹೋಗಬೇಕಾದರೂ ನಾವು ಅದನ್ನು ಸವರಿಕೊಂಡೇ ಹೋಗಬೇಕು. ಸರಿಯಲು ಜಾಗವಿಲ್ಲದ ಹುಂಜ ಎದುರು ಬೀಳದೆ ಇನ್ನೇನು ಮಾಡೀತು? ಆದ್ದರಿಂದ ಬುದ್ಧಿ ಕಲಿಸುವುದು ಆಮೇಲೆ, ಮೊದಲು ಓಣಿಗೆ ಅಡ್ಡಲಾಗಿ ಹುಂಜ ಹಾರಿ ದಾಟದಷ್ಟು ಎತ್ತರದ ವೆಲ್ಡ್ ಮೆಶ್ ಕಟ್ಟಿ, ಚಿಲಕವಿರುವ ಬಾಗಿಲು ಇಡಿ. ಮಕ್ಕಳು, ವಯಸ್ಸಾದವರು ಓಡಾಡುವ ಕಡೆಗೆ ಹುಂಜ ಬರಲೇಬಾರದು. ಅದರ ಒದೆ ನಮಗೆ ಮೊಣಕಾಲಿಗೆ ಬಿದ್ದರೆ ಮೂರು ವರ್ಷದ ಮಗುವಿಗೆ ಕಣ್ಣಿಗೆ ಬೀಳುತ್ತದೆ.

ಹುಂಜ ಹೇಳದೆ ಕೇಳದೆ ಹಾರುವುದು ಕಡಿಮೆ, ನಾವು ನೋಡಿರುವುದಿಲ್ಲ ಅಷ್ಟೇ. ಮೊದಲು ನಿಮ್ಮ ಎದುರು ನೆಲ ಕುಕ್ಕುತ್ತದೆ, ಆದರೆ ಏನನ್ನೂ ನುಂಗುವುದಿಲ್ಲ. ಒಂದು ಕಣ್ಣು ನಿಮ್ಮ ಮೇಲೇ ಇರುತ್ತದೆ. ಆಮೇಲೆ ಪಕ್ಕಕ್ಕೆ ತಿರುಗಿ, ನಿಮ್ಮ ಕಡೆಯದೋ ಆಚೆಯದೋ ಒಂದು ರೆಕ್ಕೆಯನ್ನು ನೆಲ ಸವರುವಷ್ಟು ಇಳಿಸಿ, ಅರ್ಧ ಸುತ್ತು ಓರೆಯಾಗಿ ಕುಣಿಯುತ್ತದೆ. ಕೊನೆಗೆ ಕತ್ತಿನ ಪುಕ್ಕ ಛತ್ರಿಯ ಹಾಗೆ ಬಿಚ್ಚುತ್ತದೆ, ತಲೆ ನಿಮ್ಮ ಮೊಣಕಾಲಿನ ನೇರಕ್ಕೆ ತಗ್ಗುತ್ತದೆ. ಅಲ್ಲಿಂದ ಒದೆಗೆ ಎರಡು ಸೆಕೆಂಡೂ ಇಲ್ಲ. ರೆಕ್ಕೆ ಇಳಿಸಿದಾಗಲೇ ನಿಲ್ಲಿಸಬೇಕು.

ನಿಲ್ಲಿಸುವುದು ಹೇಗೆ? ಓಡಬಾರದು, ಹಿಂದಕ್ಕೆ ಹೆಜ್ಜೆಯನ್ನೂ ಇಡಬಾರದು. ಒದೆಯಲಂತೂ ಬಾರದು. ಹುಂಜಗಳ ಜಗಳವೇ ಕಾಲಿನ ಜಗಳ, ನೀವು ಕಾಲೆತ್ತಿದರೆ ಪಂಥ ಒಪ್ಪಿಕೊಂಡಂತೆ. ಎದೆಯ ಮೂಳೆ ಮುರಿದರೆ ಆ ಪಾಪ ಬೇರೆ. ಬಕೆಟ್ಟೋ ಹಳೇ ಪ್ಲಾಸ್ಟಿಕ್ ಮೊರವೋ ಮೊಣಕಾಲಿನ ಮುಂದೆ ಹಿಡಿದು ನಿಧಾನವಾಗಿ ಎರಡು ಹೆಜ್ಜೆ ಮುಂದಿಡಿ. ಅದು ಕಣ್ಣು ತಪ್ಪಿಸಿ ಪಕ್ಕಕ್ಕೆ ನಡೆದರೆ ಅಲ್ಲಿಗೆ ಬಿಟ್ಟುಬಿಡಿ. ಅಟ್ಟಿಸಿಕೊಂಡು ಹೋಗಿ ಮೂಲೆಗೆ ಒತ್ತಿದರೆ ಮುಖಕ್ಕೇ ಹಾರುತ್ತದೆ. ಓಣಿಯಲ್ಲಿ ಎಲ್ಲರೂ ಮಾಡುವ ತಪ್ಪು ಇದು. ಅದಕ್ಕೆ ತಪ್ಪಿಸಿಕೊಳ್ಳಲು ಒಂದು ಕಡೆ ಯಾವಾಗಲೂ ತೆರೆದಿರಬೇಕು.

ಕಸ ಗುಡಿಸುವಾಗ ಏಟು ತಿನ್ನುವವರು ಹೆಚ್ಚು. ಅತ್ತಿತ್ತ ಬೀಸುವ ಪೊರಕೆ, ಗಾಳಿಗೆ ಅಲುಗುವ ನೈಟಿಯ ಅಂಚು, ಪಂಚೆಯ ತುದಿ ಇವೆಲ್ಲ ರೆಕ್ಕೆ ಬಡಿದು ಕೆಣಕಿದಂತೆ ಕಾಣುತ್ತವೋ ಏನೋ. ಗಮ್ ಬೂಟು ಹಾಕಿ, ದಪ್ಪ ಪ್ಯಾಂಟ್ ಹಾಕಿ, ಗುಡಿಸುವಷ್ಟು ಹೊತ್ತು ಹುಂಜವನ್ನು ಮಂಕರಿ ಕೆಳಗೆ ಮುಚ್ಚಿಡಿ. ಮೇಲೊಂದು ಇಟ್ಟಿಗೆ ಹೇರಿ.

ದಿನವೂ ಮಾಡಬೇಕಾದದ್ದು ಎತ್ತಿಕೊಳ್ಳುವ ಕೆಲಸ. ಹಗಲಲ್ಲಿ ಹಿಡಿಯಲು ಹೋದರೆ ಅದೇ ಒಂದು ಜಗಳ. ಆರೂವರೆ ಏಳಕ್ಕೆ ಕತ್ತಲಾಗಿ ಗಳದ ಮೇಲೆ ಕೂತ ಮೇಲೆ ಹೋಗಿ. ಟಾರ್ಚನ್ನು ಮುಖಕ್ಕೆ ಬಿಡಬೇಡಿ. ಎರಡೂ ಕೈಯಿಂದ ರೆಕ್ಕೆ ಒತ್ತಿ ಎತ್ತಿ, ಕಂಕುಳಿಗೆ ಸೇರಿಸಿಕೊಂಡು, ಎರಡು ಕಾಲಿನ ನಡುವೆ ಒಂದು ಬೆರಳು ಇಟ್ಟು ಹಿಡಿಯಿರಿ. ಮೊದಲು ಗುಂಡಿಗೆ ಡಬಡಬ ಅನ್ನುವುದು ಅಂಗೈಗೇ ತಿಳಿಯುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಕತ್ತಿನ ಪುಕ್ಕ ಮಲಗಿ ಕಣ್ಣು ಅರ್ಧ ಮುಚ್ಚುತ್ತದೆ. ಆಗ ಇಳಿಸಿ. ಒದ್ದಾಡುವಾಗಲೇ ಇಳಿಸಿದರೆ ಒದ್ದಾಡಿದರೆ ಬಿಡುತ್ತಾರೆ ಅನ್ನುವುದನ್ನೇ ಕಲಿಯುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡುವ ಮಾರ್ಕೆಟ್ಟಿನ ಪದ್ಧತಿ ಬೇಡ. ಕೋಳಿಗೆ ನಮ್ಮ ಹಾಗೆ ಎದೆ ಹೊಟ್ಟೆಗಳ ನಡುವಿನ ತೆರೆ, ಅಂದರೆ ವಪೆ ಇಲ್ಲ, ಕರುಳು ಜಠರವೆಲ್ಲ ಗಾಳಿಚೀಲದ ಮೇಲೆ ಬಿದ್ದು ಉಸಿರು ಕಟ್ಟುತ್ತದೆ. ನೆಲಕ್ಕೆ ಒತ್ತಿ ಹಿಡಿದು 'ಸೋಲಿಸುವ' ಉಪಾಯವನ್ನು ಕೆಲವರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಹೆದರಿದ ಹುಂಜ ಮಾರನೇ ದಿನ ಹಿಂದಿನಿಂದ ಬರುತ್ತದೆ.

ಎತ್ತಿಕೊಂಡಾಗಲೇ ಮೈ ನೋಡಿಬಿಡಿ. ಬಾಲದ ಕೆಳಗಿನ ಪುಕ್ಕ ಬಿಡಿಸಿದರೆ ಹೇನು ಓಡಾಡುವುದು ಕಾಣುತ್ತದೆ. ಅಂಗಾಲಲ್ಲಿ ಕಪ್ಪು ಹೆಕ್ಕಳೆ ಕಟ್ಟಿ ಬಾತಿದ್ದರೆ ಅದು ಹುಣ್ಣು, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹತ್ತಿರದ ಪಶುವೈದ್ಯರಿಗೋ ತೋರಿಸಿ. ನೋವಿರುವ ಹುಂಜಕ್ಕೆ ಯಾವ ಪಾಠವೂ ಹತ್ತುವುದಿಲ್ಲ.

ಐದಾರು ತಿಂಗಳಲ್ಲಿ ಕಾಲಿನ ಮುಳ್ಳು ಬಟಾಣಿ ಗಾತ್ರದ ಗುಬುಟು ಮಾತ್ರ, ಒದ್ದರೆ ಕಂದುಗಟ್ಟುತ್ತದೆ. ವರ್ಷದ ಹೊತ್ತಿಗೆ ಚುಚ್ಚುವಷ್ಟಾಗುತ್ತದೆ. ತಿಂಗಳಿಗೊಮ್ಮೆ ಉಗುರು ಉಜ್ಜುವ ಅರದಿಂದ ತುದಿಯನ್ನಷ್ಟೇ ಉಜ್ಜಿ ಮೊಂಡು ಮಾಡಿದರೆ ಸಾಕು. ಒಳಗಿರುವುದು ರಕ್ತ ಹರಿಯುವ ಜೀವಂತ ಮೂಳೆ, ಬುಡಕ್ಕೆ ಕತ್ತರಿ ಹಾಕಬೇಡಿ. ರಕ್ತ ಬಂದರೆ ಅರಿಶಿನ ಪುಡಿ ಹಾಕಿ ಐದು ನಿಮಿಷ ಒತ್ತಿ ಹಿಡಿಯಿರಿ. ಮುಳ್ಳಿಗೆ ಬಿಸಿ ಆಲೂಗಡ್ಡೆ ಚುಚ್ಚಿಟ್ಟು, ಸಡಿಲಾದ ಮೇಲುಕವಚ ತಿರುಚಿ ಕೀಳುವುದನ್ನು ನಾನು ಮಾಡುವುದಿಲ್ಲ, ಒಳಗಿನ ಹಸಿ ಭಾಗ ಬಯಲಾಗುತ್ತದೆ.

ನಿಮಗೇ ಚುಚ್ಚಿದರೆ ಗಾಯ ಮೇಲೆ ಚಿಕ್ಕದು, ಒಳಗೆ ಆಳ. ನಲ್ಲಿ ನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆದು, ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿ ಐದು ವರ್ಷ ಮೀರಿದ್ದರೆ ಹಾಕಿಸಿಕೊಳ್ಳಿ. ಕಣ್ಣಿನ ಹತ್ತಿರವಾದರೆ ನೇರ ಕಣ್ಣಿನ ಆಸ್ಪತ್ರೆಗೆ. ಕೋಳಿ ಕುಕ್ಕಿದರೆ ರೇಬಿಸ್ ಬರುವುದಿಲ್ಲ, ಅದು ಸಸ್ತನಿಗಳ ರೋಗ.

ಹೇಂಟೆಗಳ ಲೆಕ್ಕವೂ ಇದೆ. ಒಂದು ಹುಂಜಕ್ಕೆ ಎಂಟು, ಹತ್ತು ಹೇಂಟೆ ಬೇಕು. ನಮ್ಮ ಹಿತ್ತಲುಗಳಲ್ಲಿ ನಾಲ್ಕು ಹೇಂಟೆಗೆ ಎರಡು ಹುಂಜ! ಹೇಂಟೆಗಳ ಬೆನ್ನು ಬೋಳಾಗುತ್ತದೆ, ಹುಂಜಗಳಿಗೆ ಯಾವಾಗಲೂ ತಲೆ ಬಿಸಿ. ಹೆಚ್ಚಿನದನ್ನು 3×4 ಅಡಿಯ ಬೇರೆ ಗೂಡಿಗೆ ಹಾಕಿ, ಹೇಂಟೆಗಳ ಕಡೆಯ ಮೆಶ್‌ಗೆ ಎರಡಡಿ ಎತ್ತರದವರೆಗೆ ಗೋಣಿ ಕಟ್ಟಿ. ಕಾಣುತ್ತಿದ್ದರೆ ದಿನವಿಡೀ ಅತ್ತಿಂದಿತ್ತ ಓಡಾಡಿ ಸೊರಗುತ್ತದೆ. ಎರಡು ವಾರದ ಮೇಲೆ ಸಂಜೆ ಒಂದು ಗಂಟೆ ಹೊತ್ತು ಮಾತ್ರ ಹೊರಗೆ ಬಿಡಿ. ಮೇವನ್ನು ಮೂರು ಕಡೆ, ಮೂರಡಿ ಅಂತರಕ್ಕೆ ಎರಚಿ. ಹುಂಜ ಕಾಳು ಕಚ್ಚಿ ಕೆಳಗೆ ಹಾಕಿ 'ಕೊಕ್ ಕೊಕ್' ಎಂದು ಹೇಂಟೆಗಳನ್ನು ಕರೆದರೆ ಅದರಲ್ಲಿ ಇನ್ನೂ ಆಸೆ ಇದೆ. ಬೇರೆ ಗೂಡಿನಲ್ಲಿದ್ದಾಗ ಮೊಟ್ಟೆಕೋಳಿಯ ಮೇವು ಕೊಡಬೇಡಿ. ಅದರಲ್ಲಿ ಸುಮಾರು ಮೂರೂವರೆ, ನಾಲ್ಕು ಶೇಕಡಾ ಸುಣ್ಣದಂಶ ಇರುತ್ತದೆ, ಮೊಟ್ಟೆ ಇಡದ ಹುಂಜದ ಮೂತ್ರಪಿಂಡಕ್ಕೆ ಅದು ಭಾರ. ಬೆಳೆಯುವ ಕೋಳಿಯ ಮೇವು, ರಾಗಿ, ಸೊಪ್ಪು ಸಾಕು.

ಇದಕ್ಕೆಲ್ಲ ಆರು ವಾರ ಗಡುವು ಕೊಡುತ್ತೇನೆ. ಮಗುವಿನ ಮೇಲೆ ಹಾರಿದ್ದಕ್ಕೆ ಆರು ದಿನವೂ ಇಲ್ಲ. ಎದುರಿನಿಂದ ಬರುವುದು ಬಿಟ್ಟು ಬೆನ್ನ ಹಿಂದೆ ಬರಲು ಕಲಿತದ್ದು ನನ್ನ ಲೆಕ್ಕದಲ್ಲಿ ತಿದ್ದುವುದಿಲ್ಲ, ಅದರ ಮರಿಗಳನ್ನೂ ಮಾಡಿಸಬೇಡಿ. ಮಾರುವಾಗ 'ಒಳ್ಳೆ ಜಗಳದ ಹುಂಜ' ಎಂದು ಕಣ್ಣರಳಿಸಿ ಕಾಲು ಮುಳ್ಳು ಮುಟ್ಟಿ ನೋಡುವವರಿಗೆ ಕೊಡಬೇಡಿ. ಕೋಳಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಯುಗಾದಿ ಹತ್ತಿರದಲ್ಲಿದ್ದರೆ ವರ್ಷತೊಡಕಿನ ಸಾರಿಗೆ ಏಳೆಂಟು ತಿಂಗಳ ನಾಟಿ ಹುಂಜಕ್ಕಿಂತ ಇನ್ನೇನು ಬೇಕು. ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಿ, ನೀರು ಮಾತ್ರ ಇಡಿ.

ದೊಡ್ಡದು ಹೋದ ಮೇಲೆ ಮೂಲೆಯಲ್ಲಿ ತೆಪ್ಪಗಿದ್ದ ಎರಡನೆಯದನ್ನು ಒಂದು ವಾರ ಗಮನಿಸಿ. ಇಷ್ಟು ದಿನ ಅರ್ಧಕ್ಕೇ ನುಂಗುತ್ತಿದ್ದ ಕೂಗು ಪೂರ್ತಿ ಹೊರಬರುತ್ತದೆ, ನಡಿಗೆ ಬದಲಾಗುತ್ತದೆ. ಬಕೆಟ್ಟನ್ನು ಬಾಗಿಲ ಬಳಿಯೇ ಇಟ್ಟಿರಿ.