ಅಮೆರಿಕದ ಸೇನಾ ಬಿಡುಗಡೆ ಪತ್ರವನ್ನು ತಿದ್ದಿಸಿದ ಬಗೆ: ನನ್ನ ಅನುಭವ

ಅಮೆರಿಕದ ಸೇನೆಯಿಂದ ಹೊರಬರುವ ಸೈನಿಕನಿಗೆ ಡಿಡಿ-214 ಎಂಬ ಬಿಡುಗಡೆ ಪತ್ರವನ್ನು ಕೊಡುತ್ತಾರೆ. ಅದರ 24ನೆಯ ಚೌಕದಲ್ಲಿ ಸೇವೆಯ ಸ್ವರೂಪವೂ 28ನೆಯ ಚೌಕದಲ್ಲಿ ಬಿಡುಗಡೆಯ ಕಾರಣವೂ ನಮೂದಾಗಿರುತ್ತವೆ. ಆಡಳಿತಾತ್ಮಕವಾಗಿ ಬಿಡುಗಡೆಯಾದವರಿಗೆ ಮೇಲಿನಿಂದ ಕೆಳಕ್ಕೆ ಆನರಬಲ್ (ಗೌರವಯುತ), ಜನರಲ್ (ಸಾಮಾನ್ಯ), ಅದರ್ ದ್ಯಾನ್ ಆನರಬಲ್ (ಗೌರವಯುತವಲ್ಲದ) ಎಂಬ ಮೂರು ದರ್ಜೆಗಳಿವೆ. ಬ್ಯಾಡ್ ಕಂಡಕ್ಟ್ ಮತ್ತು ಡಿಸಾನರಬಲ್ ಎಂಬ ಇನ್ನೆರಡನ್ನು ಸೇನಾ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್ ಮಾತ್ರ ವಿಧಿಸಬಲ್ಲದು. ನಾನು ವರ್ಜೀನಿಯಾದಲ್ಲಿ ವಕೀಲಳು. ಶುಲ್ಕವಿಲ್ಲದೆ ಮಾಜಿ ಸೈನಿಕರ ಅರ್ಜಿಗಳನ್ನು ನಡೆಸಿಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅವುಗಳಲ್ಲಿ ಒಂದು, ಹಾಸನ ಜಿಲ್ಲೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬವೊಂದರ ಮಗನದು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಆ ಅರ್ಜಿಯನ್ನು ಕಟ್ಟಿದ ರೀತಿಯನ್ನು ಬರೆಯುತ್ತಿದ್ದೇನೆ.

ಹುಡುಗ ಇಲ್ಲಿಯೇ ಹುಟ್ಟಿದವನು. 2010ರಲ್ಲಿ ಭೂಸೇನೆಗೆ ಸೇರಿ, ಅಫ್ಘಾನಿಸ್ತಾನದ ಕಂದಹಾರ್ ಪ್ರಾಂತದಲ್ಲಿ ಸರಕು ಸಾಗಿಸುವ ಪಡೆಯ ಟ್ರಕ್ ಚಾಲಕನಾಗಿದ್ದ. ರಸ್ತೆಯಲ್ಲಿ ಹುಗಿದಿಟ್ಟ ಬಾಂಬಿಗೆ ಅವನ ಮುಂದಿನ ವಾಹನ ಸಿಕ್ಕಿತು. 2012ರಲ್ಲಿ ಮರಳಿದ ಮೇಲೆ ಮೂತ್ರಪರೀಕ್ಷೆಯಲ್ಲಿ ಗಾಂಜಾ ಸೇವನೆ ಪತ್ತೆಯಾಯಿತು. ಅದಾದ ಸ್ವಲ್ಪ ಕಾಲಕ್ಕೆ ಯಾರಿಗೂ ಹೇಳದೆ ಶಿಬಿರ ಬಿಟ್ಟು ಹೋಗಿ, ತಿಂಗಳು ಮೀರಿದ ಮೇಲೆ ತಾನಾಗಿಯೇ ಹಿಂತಿರುಗಿದ. 2013ರ ಶರತ್ಕಾಲದಲ್ಲಿ, ಭೂಸೇನೆಯ 635-200 ನಿಯಮಾವಳಿಯ 14ನೆಯ ಅಧ್ಯಾಯದಡಿ, ಅದರ್ ದ್ಯಾನ್ ಆನರಬಲ್ ದರ್ಜೆಯೊಂದಿಗೆ ಅವನನ್ನು ಬಿಡುಗಡೆ ಮಾಡಲಾಯಿತು. ಕಾರಣದ ಚೌಕದಲ್ಲಿ ‘ದುರ್ನಡತೆ, ಮಾದಕವಸ್ತು ಬಳಕೆ’ ಎಂದೂ 26ನೆಯ ಚೌಕದಲ್ಲಿ ಅದರ ಸಂಕೇತವಾದ ಜೆಕೆಕೆ ಎಂಬ ಮೂರಕ್ಷರವನ್ನೂ ಅಚ್ಚು ಮಾಡಲಾಗಿತ್ತು. ಈ ಪತ್ರವನ್ನು ಕೇಳುವ ಯಾವ ಉದ್ಯೋಗಕ್ಕೂ ಅವನು ಆಮೇಲೆ ಅರ್ಜಿ ಹಾಕಲಿಲ್ಲ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಮಂಡಳಿಯ ಮುಂದೆ ಹೋಗಬೇಕು ಎಂಬುದನ್ನು. ಬಿಡುಗಡೆಯನ್ನು ಮರುಪರಿಶೀಲಿಸುವ ಡಿಸ್‌ಚಾರ್ಜ್ ರಿವ್ಯೂ ಬೋರ್ಡ್‌ಗೆ ಡಿಡಿ-293 ನಮೂನೆಯಲ್ಲಿ, ಬಿಡುಗಡೆಯಾದ ದಿನದಿಂದ 15 ವರ್ಷಗಳೊಳಗೆ ಅರ್ಜಿ ಹಾಕಬೇಕು. ಜನರಲ್ ಕೋರ್ಟ್ ಮಾರ್ಷಲ್ ವಿಧಿಸಿದ ಬಿಡುಗಡೆಯನ್ನು ಆ ಮಂಡಳಿ ಮುಟ್ಟುವಂತಿಲ್ಲ. 15 ವರ್ಷ ಕಳೆದವರು, ಅಥವಾ ಅಲ್ಲಿ ಸೋತವರು, ಸೇನಾ ದಾಖಲೆಗಳ ತಿದ್ದುಪಡಿ ಮಂಡಳಿಗೆ ಡಿಡಿ-149 ನಮೂನೆಯಲ್ಲಿ ಹೋಗಬೇಕಾಗುತ್ತದೆ. ಅಲ್ಲಿ ಮೂರು ವರ್ಷಗಳ ಅವಧಿಯಿದ್ದರೂ ನ್ಯಾಯದ ಹಿತದೃಷ್ಟಿಯಿಂದ ಅದನ್ನು ಮನ್ನಿಸುವ ಅಧಿಕಾರ ಆ ಮಂಡಳಿಗಿದೆ. ಎರಡೂ ಅರ್ಜಿಗಳಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹುಡುಗನ ತಂದೆ ಊರಿನ ಕಡೆಯ ನಿವೃತ್ತ ಯೋಧರಿಂದ ಭಾರತದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಗ್ಗೆ ಕೇಳಿದ್ದರು. ಇಲ್ಲಿಯೂ ಹಾಗೆ ನೇರವಾಗಿ ದಾವೆ ಹೂಡಬಹುದೆಂದು ತಿಳಿದಿದ್ದರು. ಇಲ್ಲಿ ಮೊದಲ ಮೆಟ್ಟಿಲು ನ್ಯಾಯಾಲಯವಲ್ಲ, ಸೇನೆಯದೇ ಆಡಳಿತ ಮಂಡಳಿ ಎಂಬುದನ್ನು ಅವರಿಗೆ ಒಪ್ಪಿಸುವುದಕ್ಕೆ ಸಮಯ ಹಿಡಿಯಿತು.

ನಮಗೆ 15 ವರ್ಷಗಳ ಅವಧಿ ಇನ್ನೂ ಉಳಿದಿತ್ತಾದ್ದರಿಂದ ರಿವ್ಯೂ ಬೋರ್ಡನ್ನೇ ಆರಿಸಿಕೊಂಡೆ. ಅಲ್ಲಿ ದಾಖಲೆಗಳನ್ನು ಮಾತ್ರ ಪರಿಶೀಲಿಸುವಂತೆ ಕೇಳಬಹುದು, ಖುದ್ದು ಹಾಜರಾಗಿ ಹೇಳಿಕೊಳ್ಳಲು ಅವಕಾಶವನ್ನೂ ಕೇಳಬಹುದು. ದಾಖಲೆಗಳ ಪರಿಶೀಲನೆಯಲ್ಲಿ ಪೂರ್ಣ ಫಲ ಸಿಗದಿದ್ದರೆ ಅವಧಿಯೊಳಗೆ ಹಾಜರಾತಿಯನ್ನು ಕೇಳಬಹುದು. ಹಾಜರಾತಿ ಒಮ್ಮೆ ಮುಗಿದರೆ ಹಿಂದಕ್ಕೆ ಹೋಗಿ ದಾಖಲೆಗಳ ಪರಿಶೀಲನೆ ಕೇಳಲು ಬರುವುದಿಲ್ಲ. ಈ ಮಂಡಳಿ ಇರುವ ದರ್ಜೆಯನ್ನು ಇನ್ನೂ ಕೆಳಗಿಳಿಸುವಂತಿಲ್ಲ. ಹೀಗಾಗಿ ಕಾಲಾವಕಾಶ ಇರುವವರಿಗೆ ನಾನು ಕೊಡುವ ಸಲಹೆ, ಮೊದಲು ದಾಖಲೆಗಳ ಪರಿಶೀಲನೆ, ಆಮೇಲೆ ಹಾಜರಾತಿ.

ಆದರೆ ನಮೂನೆ ತುಂಬುವುದಕ್ಕೆ ಮೊದಲು ಕಡತ ಕೈಗೆ ಬರಬೇಕು. ಸಿಬ್ಬಂದಿ ಕಡತ, ವೈದ್ಯಕೀಯ ಕಡತ, ಬಿಡುಗಡೆಗೆ ಸಂಬಂಧಿಸಿದ ಕಡತ ಇವು ಒಂದೇ ಕಟ್ಟಿನಲ್ಲಿ ಬರುತ್ತವೆಂದು ನಂಬಬಾರದು. ಪ್ರತಿಯೊಂದನ್ನೂ ಹೆಸರಿಸಿ ಪ್ರತ್ಯೇಕವಾಗಿ ಕೇಳಬೇಕು. ಕಡತವನ್ನು ನೋಡದೆ ಅರ್ಜಿ ಬರೆಯುವವರು ಹತ್ತು ವರ್ಷ ಹಳೆಯ ನೆನಪಿನಿಂದ ಬರೆಯುತ್ತಾರೆ. ಮಂಡಳಿಯವರಾದರೋ ಕಡತವನ್ನು ಮುಂದಿಟ್ಟುಕೊಂಡೇ ಓದುತ್ತಾರೆ. ಅರ್ಜಿಯಲ್ಲಿರುವ ದಿನಾಂಕಕ್ಕೂ ಕಡತದ ದಿನಾಂಕಕ್ಕೂ ಹೊಂದಿಕೆಯಾಗದಿದ್ದರೆ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಅಧಿಕಾರಿಗಳು ತಮ್ಮ ಕರ್ತವ್ಯವನ್ನು ಸರಿಯಾಗಿಯೇ ಮಾಡಿದ್ದಾರೆ ಎಂಬ ಗ್ರಹಿಕೆಯಿಂದಲೇ ಮಂಡಳಿ ಹೊರಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು.

ವೈದ್ಯಕೀಯ ಕಡತದಲ್ಲಿ ನಾನು ಹುಡುಕುತ್ತಿದ್ದದ್ದು ಡಿಡಿ-2796 ಎಂಬ ನಮೂನೆಯನ್ನು. ಯುದ್ಧಭೂಮಿಯಿಂದ ಮರಳುವ ಸೈನಿಕರು ತುಂಬಿಕೊಡಬೇಕಾದ ಆರೋಗ್ಯ ಪ್ರಶ್ನಾವಳಿ ಅದು. ಅದರಲ್ಲಿ ಮನಸ್ಸಿನ ಆಘಾತವನ್ನು ಕುರಿತ ನಾಲ್ಕು ಪ್ರಶ್ನೆಗಳಿರುತ್ತವೆ: ದುಃಸ್ವಪ್ನಗಳು ಬೀಳುತ್ತವೆಯೆ, ಆದದ್ದನ್ನು ನೆನೆಯದಿರಲು ಹೆಣಗುತ್ತೀರಾ, ಸದಾ ಎಚ್ಚರದಲ್ಲಿದ್ದು ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತೀರಾ, ಜನರಿಂದ ದೂರವಾದಂತೆ ಅನಿಸುತ್ತದೆಯೆ. ಇವುಗಳಲ್ಲಿ ಹಲವಕ್ಕೆ ‘ಹೌದು’ ಎಂದವರನ್ನು ಮುಂದಿನ ತಪಾಸಣೆಗೆ ಕಳುಹಿಸಬೇಕೆಂಬ ಸೂಚನೆ ಸಿಗುತ್ತದೆ. ಹುಡುಗ ಮೊದಲ ಮೂರಕ್ಕೆ ‘ಹೌದು’ ಎಂದು ಗುರುತು ಹಾಕಿದ್ದ. ನಾಲ್ಕನೆಯದಕ್ಕೆ ‘ಹೌದು’ ಎಂದು ಹಾಕಿದ ಗುರುತನ್ನು ಹೊಡೆದು ‘ಇಲ್ಲ’ ಎಂದು ಬದಲಿಸಿದ್ದ. ಆ ಹಾಳೆಯ ದಿನಾಂಕ ಮೂತ್ರಪರೀಕ್ಷೆಗಿಂತ ಹಿಂದಿನದು. ಬಿಡುಗಡೆಗೆ ಮುಂಚೆ ನಡೆದ ಮಾನಸಿಕ ಪರೀಕ್ಷೆಯ ವರದಿಯೂ ಅದೇ ಕಡತದಲ್ಲಿತ್ತು: ಒಂದೇ ಪುಟ, ಸಾಲಾಗಿ ಚೌಕಗಳು, ಕೊನೆಯಲ್ಲಿ ಆಡಳಿತ ಕ್ರಮಕ್ಕೆ ಅಡ್ಡಿಯಿಲ್ಲವೆಂಬ ಷರಾ. ಹಿಂದಿನ ಪ್ರಶ್ನಾವಳಿಯ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಈ ಎರಡು ಹಾಳೆಗಳು ಸಿಕ್ಕಿದಾಗಲೇ ಅರ್ಜಿಯ ಬೆನ್ನೆಲುಬು ಸಿಕ್ಕಿತೆಂದು ನನಗೆ ಖಾತ್ರಿಯಾಯಿತು.

ಯುದ್ಧದ ಆಘಾತದಿಂದ ಬಳಲುವವರ ಅರ್ಜಿಗಳನ್ನು ಉದಾರವಾಗಿ ಪರಿಗಣಿಸಬೇಕೆಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ 2014ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ಮಂಡಳಿಗಳಿಗೆ ಸೂಚನೆ ನೀಡಿದರು. 2017ರ ಆಗಸ್ಟ್ 25ರಂದು ರಕ್ಷಣಾ ಇಲಾಖೆಯ ಅಧಿಕಾರಿ ಕುರ್ಟಾ ಹೊರಡಿಸಿದ, ಕುರ್ಟಾ ಮೆಮೊ ಎಂದು ಕರೆಯುವ ಸೂಚನಾಪತ್ರ ಅದನ್ನು ರಿವ್ಯೂ ಬೋರ್ಡ್‌ಗಳಿಗೂ ಸೇರಿಸಿ ವಿಸ್ತರಿಸಿತು. ಆ ಮೆಮೊ ಮಂಡಳಿಯ ಮುಂದಿಡುವ ಪ್ರಶ್ನೆಗಳು ನಾಲ್ಕು: ದುರ್ನಡತೆಯನ್ನು ಮನ್ನಿಸಬಹುದಾದ ಅಥವಾ ಅದರ ಗಾಂಭೀರ್ಯವನ್ನು ತಗ್ಗಿಸಬಹುದಾದ ಸ್ಥಿತಿಯೊಂದು ಇತ್ತೆ, ಅದು ಸೇವೆಯ ಅವಧಿಯಲ್ಲಿಯೇ ಇತ್ತೆ, ನಿಜವಾಗಿಯೂ ಅದು ಈ ದುರ್ನಡತೆಯನ್ನು ವಿವರಿಸುತ್ತದೆಯೆ, ಬಿಡುಗಡೆಯ ತೂಕಕ್ಕಿಂತ ಅದರ ತೂಕ ಹೆಚ್ಚೆ. ನಾನು ನೋಡಿರುವ ಬಹುಪಾಲು ಸೋತ ಅರ್ಜಿಗಳು ಮೊದಲ ಪ್ರಶ್ನೆಗೆ ಹತ್ತು ಪುಟ ಬರೆದು ಮೂರನೆಯದನ್ನು ಬಿಟ್ಟುಬಿಟ್ಟಿರುತ್ತವೆ. ಇಂದಿನ ವೈದ್ಯರು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಇದೆಯೆಂದು ಬರೆದುಕೊಟ್ಟರೆ ಸಾಲದು. ಅಂದು, ಆ ತಿಂಗಳಲ್ಲಿ, ಆ ನಡತೆಗೂ ಆ ಸ್ಥಿತಿಗೂ ಏನು ನಂಟು ಎಂಬುದನ್ನು ಬಿಡಿಸಿ ಹೇಳಬೇಕು. ಆದ್ದರಿಂದ ಮನಶ್ಶಾಸ್ತ್ರಜ್ಞರಲ್ಲಿಗೆ ಹುಡುಗನನ್ನು ಕಳುಹಿಸುವಾಗ ಕಡತದ ಪ್ರತಿಯನ್ನೂ ಜೊತೆಗೆ ಕೊಟ್ಟು, ನಿದ್ದೆಗಾಗಿ ಗಾಂಜಾ ಸೇದಿದ್ದಕ್ಕೂ, ಗುಂಡು ಹಾರಿಸುವ ಅಭ್ಯಾಸ ನಿಗದಿಯಾಗಿದ್ದ ವಾರದಲ್ಲಿಯೇ ಶಿಬಿರ ಬಿಟ್ಟು ಹೋದದ್ದಕ್ಕೂ ಅವರ ಅಭಿಪ್ರಾಯವನ್ನು ಬೇರೆಬೇರೆಯಾಗಿ ಕೇಳಿದೆ. ಅರ್ಜಿಯ ಮೊದಲ ಪುಟದಲ್ಲಿ ವಾದವನ್ನು ಬರೆಯಲಿಲ್ಲ. ಎಡಗಡೆ ದಿನಾಂಕ, ನಡುವೆ ಘಟನೆ, ಬಲಗಡೆ ಆಧಾರದ ಪುಟಸಂಖ್ಯೆ ಇರುವ ಒಂದು ಪಟ್ಟಿಯನ್ನಷ್ಟೇ ಇಟ್ಟೆ.

ಈ ಮೆಮೊ ಎಲ್ಲ ಅಪರಾಧಕ್ಕೂ ಮದ್ದಲ್ಲ. ಅನುಮತಿಯಿಲ್ಲದ ಗೈರು, ಮಾದಕವಸ್ತು ಸೇವನೆ ಮುಂತಾದವು ಆಘಾತದೊಂದಿಗೆ ಸಹಜವಾಗಿ ಹೊಂದಿಕೊಳ್ಳುತ್ತವೆ. ಯೋಜನೆ ಹಾಕಿ ಮಾಡಿದ ಕೃತ್ಯಕ್ಕೆ ಅದನ್ನು ಕಾರಣವಾಗಿ ತೋರಿಸುವುದು ಬಲು ಕಷ್ಟ. ನಮ್ಮ ಕಡತದಲ್ಲಿಯೂ ಒಂದು ತೊಡಕಿತ್ತು. ಅಫ್ಘಾನಿಸ್ತಾನಕ್ಕೆ ಹೋಗುವ ಮುಂಚೆಯೇ, ಹತ್ತೊಂಬತ್ತರ ವಯಸ್ಸಿನಲ್ಲಿ ಮದ್ಯ ಕುಡಿದದ್ದಕ್ಕಾಗಿ, ಕೋರ್ಟ್ ಮಾರ್ಷಲ್ ಇಲ್ಲದೆ ಮೇಲಧಿಕಾರಿಯೇ ಶಿಕ್ಷೆ ಕೊಡಬಹುದಾದ ಆರ್ಟಿಕಲ್ 15ರಡಿ ಅವನಿಗೆ ಶಿಕ್ಷೆಯಾಗಿತ್ತು. ಅದನ್ನು ಆಘಾತದ ತಲೆಗೆ ಕಟ್ಟಲು ಬರುವಂತಿರಲಿಲ್ಲ. ಹೇಳದೆ ಬಿಡೋಣವೆಂದು ಹುಡುಗ ಅಂದ, ನಾನು ಒಪ್ಪಲಿಲ್ಲ. ಅದು ಆಘಾತಕ್ಕೆ ಮುಂಚಿನದೆಂದೂ, ಶಿಕ್ಷೆ ಅನುಭವಿಸಿದ ಮೇಲೆ ಮರುಕಳಿಸಲಿಲ್ಲವೆಂದೂ, ಅನಂತರವೇ ಅವನನ್ನು ಯುದ್ಧಭೂಮಿಗೆ ಕಳುಹಿಸಿ ಅಲ್ಲಿನ ಕೆಲಸಕ್ಕಾಗಿ ಕಮೆಂಡೇಷನ್ ಪದಕ ಕೊಡಲಾಯಿತೆಂದೂ ಮೂರು ವಾಕ್ಯಗಳಲ್ಲಿ ನಾವೇ ಬರೆದೆವು. ಮಂಡಳಿಯವರು ತಾವಾಗಿ ಕಂಡುಹಿಡಿದ ಕಲೆ ನಾವು ತೋರಿಸಿದ ಕಲೆಗಿಂತ ದೊಡ್ಡದಾಗಿ ಕಾಣುತ್ತದೆ.

ಕುಟುಂಬದವರ ಹೇಳಿಕೆಗಳನ್ನು ಮಂಡಳಿ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಅದೇ ಮೆಮೊ ಹೇಳುತ್ತದೆ. ಹುಡುಗನ ತಾಯಿ ಮೊದಲು ತಂದುಕೊಟ್ಟ ಪತ್ರದಲ್ಲಿ ಮಗ ಒಳ್ಳೆಯವನು, ದೈವಭಕ್ತ, ಓದಿನಲ್ಲಿ ಮುಂದು ಎಂಬುದಷ್ಟೇ ಇತ್ತು. ಅಂಥ ಪತ್ರ ಎಲ್ಲ ಅರ್ಜಿಯಲ್ಲಿಯೂ ಇರುತ್ತದೆ, ಅದರಿಂದ ಹಾನಿಯಿಲ್ಲ, ಪ್ರಯೋಜನವೂ ಅಷ್ಟಕ್ಕಷ್ಟೆ. ರಜೆಯಲ್ಲಿ ಮನೆಗೆ ಬಂದಾಗ ಅವನಲ್ಲಿ ಏನು ಬದಲಾವಣೆ ಕಂಡಿರಿ ಎಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾತ್ರಿ ಶೂ ಹಾಕ್ಕೊಂಡೇ ಮಲಗ್ತಿದ್ದ ಕಣಮ್ಮಾ, ಕುಕ್ಕರ್ ಕೂಗಿದ್ರೆ ಎದ್ದು ಆಚೆ ಹೋಗ್ಬಿಡ್ತಿದ್ದ. ಅಂಥದ್ದನ್ನೆಲ್ಲಾ ಸರ್ಕಾರಕ್ಕೆ ಬರೆಯೋದಾ?” ಎಂದರು. ಅದನ್ನೇ ಬರೆಯಿರಿ ಎಂದೆ. ಅವರು ಕನ್ನಡದಲ್ಲಿ ಬರೆದರು. ನಾನು ಇಂಗ್ಲಿಷಿಗೆ ತಂದು, ಅನುವಾದ ನಿಖರವಾಗಿದೆಯೆಂಬ ದೃಢೀಕರಣದೊಂದಿಗೆ ಮೂಲವನ್ನೂ ಲಗತ್ತಿಸಿದೆ. ಅದೇ ತುಕಡಿಯಲ್ಲಿದ್ದ ಗೆಳೆಯನೊಬ್ಬ ಬಾಂಬ್ ಸಿಡಿದ ದಿನದ ವಿವರವನ್ನು ಪ್ರಮಾಣೀಕರಿಸಿ ಕೊಟ್ಟ. ಹುಡುಗ ಈಗ ಮಾಡುತ್ತಿರುವ ಏಸಿ ರಿಪೇರಿ ಕೆಲಸದ ಮಾಲೀಕರ ಪತ್ರ, ಪೊಲೀಸ್ ದಾಖಲೆಯಲ್ಲಿ ಏನೂ ಇಲ್ಲವೆಂಬ ಪ್ರಮಾಣಪತ್ರ ಇವನ್ನೂ ಸೇರಿಸಿದೆವು. ಬಿಡುಗಡೆಯ ನಂತರದ ನಡತೆಗೂ ಬೆಲೆಯುಂಟು. ರಕ್ಷಣಾ ಇಲಾಖೆಯ ಇನ್ನೊಂದು ಸೂಚನಾಪತ್ರವಾದ 2018ರ ಜುಲೈಯ ವಿಲ್ಕಿ ಮೆಮೊ, ಆಘಾತದ ಪ್ರಶ್ನೆಯೇ ಇಲ್ಲದ ಅರ್ಜಿಗಳಲ್ಲಿಯೂ ನ್ಯಾಯ ಮತ್ತು ಕ್ಷಮೆಯ ದೃಷ್ಟಿಯಿಂದ ಅದನ್ನು ಪರಿಗಣಿಸಲು ಅವಕಾಶ ಕೊಡುತ್ತದೆ.

ಅವನದೇ ಹೇಳಿಕೆಯನ್ನು ಅವನಿಂದಲೇ ಬರೆಸಿದೆ. ವ್ಯಾಕರಣ ತಿದ್ದಿದ್ದು ಬಿಟ್ಟರೆ ನಾನು ಕೈಯಾಡಿಸಲಿಲ್ಲ. ವಕೀಲರ ಭಾಷೆಯಲ್ಲಿರುವ ಪಶ್ಚಾತ್ತಾಪವನ್ನು ಮಂಡಳಿಯವರು ಎರಡನೆಯ ಸಾಲಿಗೇ ಗುರುತಿಸುತ್ತಾರೆ ಎಂಬುದು ನನ್ನ ಅಂದಾಜು.

ದಾಖಲೆಗಳ ಪರಿಶೀಲನೆಯಲ್ಲಿ ದರ್ಜೆ ಜನರಲ್‌ಗೆ ಏರಿತು, ಕಾರಣ ಮಾತ್ರ ಹಾಗೆಯೇ ಉಳಿಯಿತು. ಮನೆಯವರಿಗೆ ಅಷ್ಟೇ ಸಾಕೆನಿಸಿತ್ತು. ಆದರೆ 9/11 ನಂತರದ ಜಿಐ ಬಿಲ್ ಶಿಕ್ಷಣ ಸೌಲಭ್ಯಕ್ಕೆ ಆನರಬಲ್ ದರ್ಜೆಯೇ ಬೇಕು, ಜನರಲ್ ಸಾಲದು. ಹುಡುಗನ ಆಸೆಯಿದ್ದದ್ದು ಎಂಜಿನಿಯರಿಂಗ್ ಓದುವುದರಲ್ಲಿ. ಹೀಗಾಗಿ ಹಾಜರಾತಿಯನ್ನು ಕೋರಿದೆವು. ವಿಡಿಯೊ ಮೂಲಕ ಐವರು ಸದಸ್ಯರ ಮುಂದೆ ವಿಚಾರಣೆ ನಡೆಯಿತು. ಆಘಾತವನ್ನು ಆಧರಿಸಿದ ಅರ್ಜಿಗಳಲ್ಲಿ ಮನೋವೈದ್ಯಕೀಯ ತಜ್ಞತೆಯುಳ್ಳವರ ಪಾಲು ಇರಬೇಕೆಂದು ಕಾನೂನೇ ಹೇಳುತ್ತದೆ. ನಾನು ಮಾತಾಡಿದ್ದು ಕಡಿಮೆ. ಪ್ರಶ್ನೆಗಳೆಲ್ಲ ಅವನಿಗೇ. ಹಿರಿಯ ಸದಸ್ಯರೊಬ್ಬರು, ಶಿಬಿರ ಬಿಟ್ಟು ಹೋದವನು ಯಾರೂ ಹಿಡಿಯದೆ ಏಕೆ ವಾಪಸ್ ಬಂದೆ ಎಂದು ಕೇಳಿದರು. ನಾವು ಪೂರ್ವಾಭ್ಯಾಸ ಮಾಡಿರದ ಪ್ರಶ್ನೆಯದು. ಬೇರೆಲ್ಲಿಯೂ ನಿದ್ದೆ ಬರಲಿಲ್ಲ, ಅಲ್ಲಿಗೆ ಬಂದರೆ ಯಾರಾದರೂ ಡಾಕ್ಟರಿಗೆ ತೋರಿಸಿಯಾರೆಂದು ಬಂದೆ ಎಂದು ಅವನು ಉತ್ತರಿಸಿದ. ಕಡತದಲ್ಲಿ, ಅವನು ಮರಳಿದ ವಾರದಲ್ಲಿಯೇ ಆಸ್ಪತ್ರೆಯಲ್ಲಿ ಸಮಯ ಕೋರಿದ ದಾಖಲೆಯಿತ್ತು. ಅದರ ಪುಟಸಂಖ್ಯೆಯನ್ನು ಮಾತ್ರ ನಾನು ಓದಿ ಹೇಳಿದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಕನ್ನಡ ಕುಟುಂಬಗಳಿಂದ ನನಗೆ ಬರುವ ಕರೆಗಳಲ್ಲಿ ಇದು ಮತ್ತೆಮತ್ತೆ ಬರುತ್ತದೆ. ಸೇನಾ ಸೇವೆಯ ಆಧಾರದ ಮೇಲೆ ಪೌರತ್ವ ಪಡೆದವರು, ಒಟ್ಟು ಐದು ವರ್ಷಗಳ ಗೌರವಯುತ ಸೇವೆ ಮುಗಿಸುವ ಮುನ್ನ ಅದರ್ ದ್ಯಾನ್ ಆನರಬಲ್ ದರ್ಜೆಯಲ್ಲಿ ಹೊರಬಿದ್ದರೆ, ಆ ಪೌರತ್ವವನ್ನೇ ರದ್ದುಗೊಳಿಸಲು ಕಾನೂನಿನಲ್ಲಿ ಅವಕಾಶವಿದೆ. ನಮ್ಮ ಹುಡುಗನಿಗೆ ಆ ಭಯ ಇರಲಿಲ್ಲ. ಮಾಜಿ ಸೈನಿಕರ ಇಲಾಖೆಯಾದ ವಿಎ ಬೇರೆಯೇ ಸಂಸ್ಥೆ; ಮಂಡಳಿಯ ತೀರ್ಮಾನ ಬರುವವರೆಗೆ ಕಾಯದೆ ಚಿಕಿತ್ಸೆಗೆ ಅಲ್ಲಿ ಅರ್ಜಿ ಹಾಕಬಹುದು, ಅರ್ಜಿದಾರರ ಬಿಡುಗಡೆಯ ಸ್ವರೂಪವನ್ನು ಅದು ಸ್ವತಂತ್ರವಾಗಿ ಪರಿಶೀಲಿಸುತ್ತದೆ. ಬೋರ್ಡ್ ಮತ್ತು ವಿಎ ಒಂದೇ ಎಂದು ಭಾವಿಸಿ ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿದವರನ್ನು ನಾನು ಕಂಡಿದ್ದೇನೆ.

ಹಾಜರಾತಿಯ ತೀರ್ಪಿನಲ್ಲಿ ದರ್ಜೆ ಆನರಬಲ್ ಆಯಿತು. ಕಾರಣದ ಚೌಕದಲ್ಲಿ ದುರ್ನಡತೆ ಹೋಗಿ ‘ಸೆಕ್ರೆಟೇರಿಯಲ್ ಅಥಾರಿಟಿ’ (ಕಾರ್ಯದರ್ಶಿಯ ಅಧಿಕಾರ) ಎಂದಾಯಿತು, ಸಂಕೇತ ಜೆಎಫ್‌ಎಫ್ ಆಯಿತು. ಸೇನೆಗೆ ಮರುಸೇರ್ಪಡೆಯ ಸಂಕೇತವಿರುವ 27ನೆಯ ಚೌಕವನ್ನು ಮಂಡಳಿ ಬದಲಿಸಲಿಲ್ಲ. ಮರಳಿ ಸೇರುವ ಉದ್ದೇಶ ಅವನಿಗಿಲ್ಲವಾದ್ದರಿಂದ ಅದನ್ನು ನಾವು ಮುಂದುವರಿಸಲಿಲ್ಲ. ಗೈರಾದ ದಿನಗಳು 29ನೆಯ ಚೌಕದಲ್ಲಿ ಈಗಲೂ ಇವೆ. ಶಿಕ್ಷಣ ಸೌಲಭ್ಯದ ಲೆಕ್ಕದಿಂದ ಅಷ್ಟು ದಿನಗಳನ್ನು ಕಳೆಯುತ್ತಾರೆ. 2013ರ ಜನವರಿ 1ರಂದು ಅಥವಾ ಅನಂತರ ಬಿಡುಗಡೆಯಾದವರಿಗೆ ಈ ಸೌಲಭ್ಯವನ್ನು ಬಳಸಲು ಕಾಲಮಿತಿಯನ್ನು 2017ರ ಕಾಯ್ದೆ ತೆಗೆದುಹಾಕಿದೆ. ಅವನು ಬಿಡುಗಡೆಯಾದದ್ದು ಆ ವರ್ಷದ ಶರತ್ಕಾಲದಲ್ಲಾದ್ದರಿಂದ, ಹೊಸ ಡಿಡಿ-214 ಬಂದ ಮೇಲೆ ಸಮುದಾಯ ಕಾಲೇಜಿಗೆ ಅರ್ಜಿ ಹಾಕಲು ಅವನಿಗೆ ಅಡ್ಡಿಯಾಗಲಿಲ್ಲ.