ನೈಲ್ ನದಿಯ ಹಡಗು ಹತ್ತುವ ಮುಂಚೆ ಏಜೆಂಟರಿಗೆ ಏನೇನು ಕೇಳಬೇಕು: ನನ್ನ ಅನುಭವ

ಟೂರಿನವರು ಕೊಡುವ ಹಾಳೆಯಲ್ಲಿ ಏನೇನು ತೋರಿಸುತ್ತೇವೆ ಅಂತ ಬಣ್ಣ ಬಣ್ಣವಾಗಿ ಬರೆದಿರುತ್ತಾರೆ. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ನಡಿಗೆ, ಎಷ್ಟು ಮೆಟ್ಟಿಲು, ಇದ್ಯಾವುದೂ ಇರುವುದಿಲ್ಲ. ನಮ್ಮ ಅಕ್ಕನಿಗೆ ಮೊಣಕಾಲು ನೋವು, ಜೊತೆಗೆ ಬಿಪಿ. ಈಜಿಪ್ಟ್‌ಗೆ ಹೋಗೇ ಹೋಗಬೇಕು ಅಂತ ಹಟ ಬೇರೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ನಾನು ಏಜೆಂಟರಿಗೆ ಹೇಳಿದ್ದು ಇಷ್ಟೇ: ನೋಡುವ ಜಾಗದ ಪಟ್ಟಿ ಬೇಡ ಸರ್, ಪ್ರತಿ ದಿನದ ಗಂಟೆ ಲೆಕ್ಕ ಬರೆದು ಕೊಡಿ. ಅವರು ಸ್ವಲ್ಪ ಮುಖ ಗಂಟಿಕ್ಕಿದರು, ಆದರೂ ಕೊಟ್ಟರು. ನಮ್ಮ ಅರ್ಧ ತಯಾರಿ ಆ ಹಾಳೆಯಿಂದಲೇ ಆಯಿತು.

ನೈಲ್ ಕ್ರೂಸ್ ಅಂದರೆ ಸಾಮಾನ್ಯವಾಗಿ ಲಕ್ಸರ್ ಮತ್ತು ಅಸ್ವಾನ್ ನಡುವಿನ ಪಯಣ. ದೂರ ಇನ್ನೂರು ಚಿಲ್ಲರೆ ಕಿಲೋಮೀಟರ್, ಹತ್ತಿರ ಹತ್ತಿರ ಕಲಬುರಗಿಯಿಂದ ಹೈದರಾಬಾದಿಗೆ ಹೋದಷ್ಟು. ಅಷ್ಟಕ್ಕೆ ಹಡಗಿನವರು 3 ಅಥವಾ 4 ರಾತ್ರಿ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಹಡಗು ಓಡುವುದಕ್ಕಿಂತ ದಡದಲ್ಲಿ ನಿಲ್ಲುವುದೇ ಜಾಸ್ತಿ. ನಿಂತಾಗ ಒಂದರ ಪಕ್ಕ ಒಂದು ಅಂಟಿಸಿ ಕಟ್ಟುತ್ತಾರೆ. ನಮ್ಮ ಕಿಟಕಿ ಪರದೆ ಸರಿಸಿದರೆ ಪಕ್ಕದ ಹಡಗಿನ ಕಿಟಕಿ, ಅಲ್ಲಿ ಯಾರೋ ಹಲ್ಲುಜ್ಜುತ್ತಾ ನಿಂತಿದ್ದರು. ದಡಕ್ಕೆ ಇಳಿಯಬೇಕೆಂದರೆ ಆ ಹಡಗಿನ ಲಾಬಿ, ಅದರಾಚೆ ಇನ್ನೊಂದರ ಲಾಬಿ, ಹೀಗೆ ದಾಟಿಕೊಂಡು ಹೋಗಬೇಕು. ನಡುವೆ ಹಲಗೆ ಹಾಕಿರುತ್ತಾರೆ. ವಾಪಸ್ ಬರುವಾಗ ಎಲ್ಲ ಲಾಬಿಗಳೂ ಒಂದೇ ಥರ ಕಾಣುತ್ತವೆ, ಹಡಗಿನ ಹೆಸರು ಬರೆದ ಕಾರ್ಡ್ ಕೈಯಲ್ಲೇ ಇರಲಿ. ಹಾಗಾಗಿ ನದಿ ಕಾಣುವ ರೂಮು ಅಂತ ಜಾಸ್ತಿ ದುಡ್ಡು ಕೊಡುವ ಮುಂಚೆ ಯೋಚಿಸಿ. ನದಿ ನೋಡಲು ಮೇಲಿನ ಡೆಕ್ ಇದೆ, ಅದು ಎಲ್ಲರಿಗೂ ಒಂದೇ.

ರೂಮು ಕೇಳುವಾಗ ನಾನು ಕೇಳಿದ್ದು ಎರಡು. ಲಿಫ್ಟ್ ಇದೆಯಾ? ಇಲ್ಲದಿದ್ದರೆ ಊಟದ ಹಾಲ್ ಯಾವ ಮಹಡಿ? ಎಷ್ಟೋ ಹಡಗುಗಳಲ್ಲಿ ಲಿಫ್ಟ್ ಇರುವುದಿಲ್ಲ. ತೀರಾ ಕೆಳಗಿನ ಮಹಡಿ ಬೇಡ, ಹಿಂಭಾಗವೂ ಬೇಡ, ಇಂಜಿನ್ ಸದ್ದು ರಾತ್ರಿಯೆಲ್ಲಾ ಇರುತ್ತದೆ. ಹಾಳೆಯಲ್ಲಿ ಹಡಗಿನ ಹೆಸರಿನ ಮುಂದೆ ‘ಅಥವಾ ಅದೇ ದರ್ಜೆಯದು’ ಅಂತ ಸಣ್ಣಕ್ಷರ ಇತ್ತು. ಯಾವುದು ಅಂತ ಎಂದಿಗೆ ಪಕ್ಕಾ ಆಗುತ್ತದೆ ಎಂದು ಬರವಣಿಗೆಯಲ್ಲೇ ತೆಗೆದುಕೊಂಡೆ. ಒಬ್ಬರೇ ಹೋಗುವವರಿಗೆ ಇನ್ನೊಂದು ಮಾತು: ದರ ಇಬ್ಬರ ರೂಮಿನ ಲೆಕ್ಕದಲ್ಲಿ ಇರುತ್ತದೆ, ಒಂಟಿ ರೂಮಿಗೆ ಬೇರೆ ಕೊಡಬೇಕು. ಮೂವರು ಅಂದರೆ ಮೂರನೆಯವರಿಗೆ ಮಡಚುವ ಮಂಚ, ಆಮೇಲೆ ಸೂಟ್‌ಕೇಸ್ ತೆರೆಯಲೂ ಜಾಗ ಇರಲ್ಲ.

ಔಷಧಿ ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಅಕ್ಕನ ಮೊಣಕಾಲಿನ ಮಾತ್ರೆಯ ಪಟ್ಟಿಯ ಹಿಂದೆ ಟ್ರಮಾಡಾಲ್ ಎಂಬ ಹೆಸರಿತ್ತು. ಅದರ ಮೇಲೆ ಈಜಿಪ್ಟ್‌ನಲ್ಲಿ ತುಂಬಾ ಕಟ್ಟುನಿಟ್ಟು, ಜೈಲಿಗೆ ಹಾಕಿದ್ದೂ ಉಂಟು. ಡಾಕ್ಟರ್ ಹತ್ತಿರ ಹೋಗಿ ಬೇರೆ ಮಾತ್ರೆ ಬರೆಸಿಕೊಂಡೆವು. ಬಿಪಿ ಮಾತ್ರೆಯನ್ನು ಚೀಟಿ ಸಮೇತ ಕೈಚೀಲದಲ್ಲೇ ಇಟ್ಟೆವು. ವಿಮಾ ಪಾಲಿಸಿಯಲ್ಲೂ ಬಿಪಿ ಇದೆ ಅಂತ ಬರೆಸಿದೆವು, ಮುಚ್ಚಿಟ್ಟರೆ ಆಮೇಲೆ ಕ್ಲೇಮ್ ಕೊಡುವುದಿಲ್ಲ.

ಇನ್ನು ಬುತ್ತಿ. ನಮ್ಮವರು ಎಲ್ಲಿಗೆ ಹೋದರೂ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲೇಬೇಕು ಅಲ್ವಾ? ಒಯ್ಯಿರಿ, ಕೆಡುವುದಿಲ್ಲ. ಆದರೆ ನಮ್ಮ ವಿಮಾನ ಬದಲಾಗುತ್ತಿದ್ದುದು ದುಬೈನಲ್ಲಿ, ಅಲ್ಲಿ ಗಸಗಸೆ ನಿಷೇಧ. ಗಸಗಸೆ ಇಲ್ಲದಿದ್ದರೆ ಅದೆಂಥ ಕರ್ಚಿಕಾಯಿ ಅಂತ ಅಕ್ಕ ಒಂದು ವಾರ ಗೊಣಗಿದಳು. ಕೊನೆಗೆ ಪುಟಾಣಿ, ಕೊಬ್ಬರಿ ಹಾಕಿ ಮಾಡಿದಳು, ಚೆನ್ನಾಗೇ ಇತ್ತು. ಹಡಗಿನ ಊಟದಲ್ಲಿ ಸಸ್ಯಾಹಾರಕ್ಕೆ ತೊಂದರೆ ಆಗಲಿಲ್ಲ. ಬೇಯಿಸಿದ ಕಾಳಿನ ಫುಲ್, ಕಾಳು ರುಬ್ಬಿ ಕರಿದ ತಾಮೆಯ್ಯಾ ಎರಡೂ ನಮ್ಮ ನಾಲಿಗೆಗೆ ಹಿಡಿಸಿದವು. ಸೂಪು ಮಾತ್ರ ಯಾವುದರಲ್ಲಿ ಮಾಡಿದ್ದು ಅಂತ ದಿನಾ ಕೇಳಬೇಕು.

ಹೊರಡುವ ಮುಂಚಿನ ಎರಡು ತಿಂಗಳು ಅಕ್ಕನನ್ನು ದಿನಾ ಪಬ್ಲಿಕ್ ಗಾರ್ಡನ್ನಿಗೆ ಕರೆದುಕೊಂಡು ಹೋದೆ, ಅದೂ ಟೂರಿನಲ್ಲಿ ಹಾಕುವ ಶೂ ಹಾಕಿಸಿಕೊಂಡು. ಹೊಸ ಶೂ ಟೂರಿನಲ್ಲಿ ಮೊದಲ ಸಲ ಹಾಕಿದರೆ ಕಾಲು ಕಚ್ಚುತ್ತದೆ. ಜನವರಿಯಲ್ಲಿ ಹೋದ ನಮಗೆ ಬಿಸಿಲಿನ ಚಿಂತೆಯೇ ಇರಲಿಲ್ಲ, ಕಲಬುರಗಿಯವರಿಗೆ ಬಿಸಿಲು ಹೇಳಿಕೊಡಬೇಕೇ? ಬೆಳಗಿನ ಚಳಿಗಾಳಿಗೆ ಮಾತ್ರ ಸ್ವೆಟರ್, ಶಾಲು ಎರಡೂ ಬೇಕಾಯಿತು.

ಎಡ್ಫುವಿನಲ್ಲಿ ಹೋರಸ್ ದೇವರ ಗುಡಿಗೆ ಬೆಳಿಗ್ಗೆ ಬೇಗ ಕುದುರೆಗಾಡಿಯಲ್ಲಿ ಕರೆದೊಯ್ಯುತ್ತಾರೆ. ಎಲ್ಲ ಹಡಗಿನವರೂ ಒಂದೇ ಹೊತ್ತಿಗೆ ಇಳಿಯುವುದರಿಂದ ಗದ್ದಲವೋ ಗದ್ದಲ. ಗಾಡಿಯವನು ಬಕ್ಷೀಸು ಕೇಳುತ್ತಾನೆ, ಸಣ್ಣ ನೋಟು ಬೇಕು. ಹಡಗಿನ ಸಿಬ್ಬಂದಿಗೆ, ಗೈಡಿಗೆ ಕೊಡುವ ಟಿಪ್ಸ್ ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. ಹೆಚ್ಚಾಗಿ ಸೇರಿರುವುದಿಲ್ಲ. ಗೈಡ್ ಇಂಗ್ಲಿಷಿನಲ್ಲಿ ಬಿಸಿಲಲ್ಲಿ ನಿಲ್ಲಿಸಿಕೊಂಡು ಅರ್ಧ ಗಂಟೆ ಹೇಳುತ್ತಾರೆ, ಆಮೇಲೆ ನೋಡಲು ಇಪ್ಪತ್ತು ನಿಮಿಷ. ಅಕ್ಕನಿಗೆ ಇಂಗ್ಲಿಷ್ ಬರಲ್ಲ. ನಾನು ಗುಡಿಗಳ ಕಥೆ ಹಿಂದಿನ ರಾತ್ರಿಯೇ ಓದಿ ಹೇಳುತ್ತಿದ್ದೆ, ಅಲ್ಲಿ ಹೋದಾಗ ಅವಳು ನೆರಳಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಕೊಮ್ ಓಂಬೋದಲ್ಲಿ ಮೊಸಳೆಗಳ ಮಮ್ಮಿ ನೋಡಿ ಮಾತ್ರ ‘ಇದನ್ನೂ ಪೂಜೆ ಮಾಡ್ತಿದ್ರಾ’ ಅಂತ ಬಹಳ ಹೊತ್ತು ಅಲ್ಲೇ ನಿಂತಳು.

ಅಬು ಸಿಂಬೆಲ್ ಗುಡಿಯ ಬಗ್ಗೆ ನನ್ನ ಅಭಿಪ್ರಾಯ ಟೂರಿನವರಿಗೆ ಇಷ್ಟವಾಗಲಿಕ್ಕಿಲ್ಲ. ಅಸ್ವಾನಿನಿಂದ ಸುಮಾರು 280 ಕಿಲೋಮೀಟರ್, ನಸುಕಿನಲ್ಲೇ ಹೊರಡಬೇಕು, ದುಡ್ಡೂ ಬೇರೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಬಾರದೆಂದು 1960ರ ದಶಕದಲ್ಲಿ ಇಡೀ ಗುಡಿಯನ್ನೇ ಕತ್ತರಿಸಿ ಮೇಲಕ್ಕೆ ಸಾಗಿಸಿ ಜೋಡಿಸಿದ್ದಾರೆ, ನೋಡಬೇಕಾದ್ದೇ. ನಾನು ಹೋದೆ. ಅಕ್ಕ ಹಡಗಿನಲ್ಲೇ ಉಳಿದಳು, ಚಹಾ ಕುಡಿಯುತ್ತಾ ಆರಾಮಾಗಿದ್ದಳು. ಗುಂಪು ಹೋಗುತ್ತಿದೆ ಅಂತ ಸುಮ್ನೆ ಎಲ್ಲರೂ ಹೋಗಬೇಕಿಲ್ಲ.

ಅವಳಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಎಸ್ನಾ. ಅಲ್ಲಿ ನದಿಗೆ ಗೇಟು ಹಾಕಿ ನೀರು ತುಂಬಿಸಿ ಹಡಗನ್ನು ಮೇಲೆತ್ತುತ್ತಾರೆ. ಸರದಿಗೆ ಕಾಯುವಾಗ ಸಣ್ಣ ದೋಣಿಯವರು ಬಂದು ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಕಟ್ಟಿ ಡೆಕ್ಕಿಗೆ ಎಸೆಯುತ್ತಾರೆ. ಬೇಕಾದರೆ ದುಡ್ಡು ಅದೇ ಚೀಲದಲ್ಲಿ ಹಾಕಿ ಎಸೆಯಬೇಕು, ಬೇಡವಾದರೆ ಬಟ್ಟೆಯನ್ನೇ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಚೌಕಾಸಿ ಮಾಡಿ ಪಳಗಿದ ಅಕ್ಕ ಬೆರಳಲ್ಲೇ ಲೆಕ್ಕ ತೋರಿಸಿ ಟೇಬಲ್ ಬಟ್ಟೆಯೊಂದನ್ನು ಹೇಳಿದ ಬೆಲೆಯ ಮೂರನೇ ಒಂದಕ್ಕೆ ಇಳಿಸಿದಳು.

ನಮ್ಮ ಕಲಬುರಗಿ ಕಡೆಯವರಾದರೆ ಹೈದರಾಬಾದಿನಿಂದ ಹೊರಡುವ ಟೂರನ್ನೇ ಹುಡುಕಿ. ಮುಂಬೈನಿಂದ ಅಂದರೆ ಅಲ್ಲಿಯ ತನಕದ ಖರ್ಚು ನಿಮ್ಮದು. ರೈಲು ತಡವಾದರೂ ವಿಮಾನ ಕಾಯುವುದಿಲ್ಲ, ಒಂದು ದಿನ ಮೊದಲೇ ಹೋಗಿ. ಪ್ಯಾಕೇಜಿನ ಮೇಲೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ಅದಕ್ಕೆ ಪ್ಯಾನ್ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಬರುತ್ತದೆ. ನಮ್ಮದು ಹಾಗೇ ವಾಪಸ್ ಬಂತು.