ಕೂಡೋದು, ಕಳೆಯೋದು ಮೊದ್ಲು ಕೈಗೆ ಬರ್ಲಿ, ಆಮೇಲೆ ನೋಟ್‌ಬುಕ್‌ಗೆ

ಮಗು ಒಂದರಿಂದ ನೂರರ ತನಕ ಪಟಪಟ ಹೇಳುತ್ತೆ ಅಂತ ಕೂಡೋ ಲೆಕ್ಕ ಶುರು ಮಾಡ್ಬೇಡಿ, ಮೊದ್ಲು ಒಂದು ಸಣ್ಣ ಟೆಸ್ಟ್ ಮಾಡಿ. ಆರು ಬ್ಲಾಕ್ ಮುಂದಿಟ್ಟು ಎಣಿಸೋಕೆ ಹೇಳಿ, ಮುಗಿಸಿದ ತಕ್ಷಣ "ಒಟ್ಟು ಎಷ್ಟು?" ಅಂತ ಕೇಳಿ. ಕೆಲವು ಮಕ್ಕಳು ಮತ್ತೆ ಒಂದರಿಂದ ಎಣಿಸೋಕೆ ಹೊರಡ್ತವೆ. ಕೊನೇಲಿ ಹೇಳಿದ ಆರು ಅನ್ನೋದೇ ಇಡೀ ಗುಂಪಿನ ಲೆಕ್ಕ ಅಂತ ಅವಕ್ಕೆ ಇನ್ನೂ ಹೊಳೆದಿಲ್ಲ, ಬಾಯಿಪಾಠ ಆಗಿದೆ ಅಷ್ಟೆ. ಹಾಗಿದ್ರೆ ಇನ್ನೂ ಕೆಲವು ದಿನ ಒಂದೊಂದೇ ಬ್ಲಾಕ್ ಮುಟ್ಟಿ, ಪಕ್ಕಕ್ಕೆ ಸರಿಸಿ ಎಣಿಸೋ ಆಟಾನೇ ಆಡ್ಲಿ.

ಬ್ಲಾಕ್ ಎಲ್ಲಾ ಒಂದೇ ಸೈಜಿನದ್ದಿರ್ಲಿ, ಒಂದಕ್ಕೊಂದು ಸಿಕ್ಕಿಸೋ ಥರದ್ದಾದ್ರೆ ಇನ್ನೂ ಒಳ್ಳೇದು, ಎರಡು ಬಣ್ಣದಲ್ಲಿ ಹತ್ತತ್ತು ಸಾಕು. ಮೊದ್ಲು ಸ್ವಲ್ಪ ಹೊತ್ತು ಮನೆ, ಗೋಪುರ ಏನ್ಬೇಕೋ ಕಟ್ಟಿಕೊಳ್ಳೋಕೆ ಬಿಟ್ಬಿಡಿ.

ಆಮೇಲೆ ಮೂರು ಕೆಂಪು, ಎರಡು ನೀಲಿ ಕೊಟ್ಟು ಸೇರಿಸೋಕೆ ಹೇಳಿ. ಮಗು ಎಲ್ಲಾನೂ ಒಂದರಿಂದಲೇ ಎಣಿಸುತ್ತೆ, ಎಣಿಸ್ಲಿ, ತಡೀಬೇಡಿ. ಇದು ಸಲೀಸಾದ್ಮೇಲೆ ಐದು ಕೆಂಪು ಬ್ಲಾಕಿನ ಗೋಪುರಾನ ನಿಮ್ಮ ಅಂಗೈಯಿಂದ ಮುಚ್ಚಿ, ಪಕ್ಕದಲ್ಲಿ ಮೂರು ನೀಲಿ ಇಡಿ. "ಒಳಗೆ ಐದಿದೆ, ಈಗ ಒಟ್ಟು ಎಷ್ಟು?" ಮೊದಮೊದಲು ನಿಮ್ಮ ಬೆರಳು ಎತ್ತಿ ಇಣುಕಿ ನೋಡುತ್ತೆ, ನೋಡ್ಲಿ ಬಿಡಿ. ಹೀಗೇ ಆಡ್ತಾ ಆಡ್ತಾ ಒಂದಿನ ನಿಮ್ಮ ಕೈ ಮೇಲೆ ತಟ್ಟಿ "ಐದು" ಅಂದು ಆರು, ಏಳು, ಎಂಟು ಅಂತ ಮುಂದಕ್ಕೆ ಹೋಗುತ್ತೆ ನೋಡಿ, ನನ್ನ ಪ್ರಕಾರ ಕೂಡೋದು ನಿಜವಾಗಿ ಬಂದಿದ್ದು ಆವತ್ತೇ.

ಕಳೆಯೋದಕ್ಕೆ ಎಂಟರ ಗೋಪುರ ಕೊಟ್ಟು ಮೂರು ಕಿತ್ತು ತೆಗೆಯೋಕೆ ಹೇಳಿ, ಕೀಳೋದು ಮಗೂನೇ ಆಗ್ಲಿ, ನೀವಲ್ಲ. ಕಿತ್ತಿದ್ದನ್ನ ವಾಪಸ್ ಸಿಕ್ಕಿಸಿದ್ರೆ ಮತ್ತೆ ಎಂಟು, ಕೂಡೋದಕ್ಕೂ ಕಳೆಯೋದಕ್ಕೂ ಇರೋ ನಂಟು ಅಲ್ಲೇ ಕಾಣುತ್ತೆ. ಕಷ್ಟ ಆಗೋದು "ಎಷ್ಟು ಜಾಸ್ತಿ" ಅನ್ನೋ ಪ್ರಶ್ನೆ. ಏಳರದ್ದೊಂದು, ನಾಲ್ಕರದ್ದೊಂದು ಗೋಪುರ ಪಕ್ಕಪಕ್ಕ ನಿಲ್ಲಿಸಿ ಇದರಲ್ಲಿ ಎಷ್ಟು ಜಾಸ್ತಿ ಇದೆ ಅಂದ್ರೆ ಬಹಳ ಮಕ್ಕಳು "ಏಳು" ಅಂತಾವೆ, ಯಾಕಂದ್ರೆ ಇಲ್ಲಿ ಯಾರೂ ಏನೂ ತೆಗೆದಿಲ್ಲವಲ್ಲ. ಬೈಬೇಡಿ, ಪ್ರಶ್ನೆ ಬದಲಾಯಿಸಿ: "ಗಿಡ್ಡದು ಉದ್ದದ್ದರಷ್ಟೇ ಆಗ್ಬೇಕಾದ್ರೆ ಇನ್ನೆಷ್ಟು ಬ್ಲಾಕ್ ಬೇಕು?"

ಹತ್ತು ದಾಟಿದ ಮೇಲೆ ಹತ್ತು ಬ್ಲಾಕಿನ ಕೋಲು ಮಾಡಿಕೊಳ್ಳಿ. ಎಂಟಕ್ಕೆ ಐದು ಕೂಡಬೇಕಾದ್ರೆ ಐದರಿಂದ ಎರಡು ತಗೊಂಡು ಎಂಟಕ್ಕೆ ಕೊಟ್ರೆ ಒಂದು ಕೋಲು, ಬಿಡಿ ಮೂರು, ಹದಿಮೂರು. ಈಗ ಹದಿಮೂರರಲ್ಲಿ ಐದು ಕಳೀಬೇಕು, ಬಿಡಿ ಮೂರು ಹೋದ್ರೂ ಇನ್ನೆರಡು ಬಾಕಿ, ಕೋಲು ಮುರೀಲೇಬೇಕು. ಪಕ್ಕದ ಮನೆಯಿಂದ ಒಂದು ಸಾಲ ತಗೋ ಅಂತ ಹೇಳಿಕೊಡ್ತೀವಲ್ಲ, ಅಲ್ಲಿ ಒಂದು ಇಲ್ಲಿ ಬಂದು ಹತ್ತು ಹೇಗಾಯ್ತು ಅನ್ನೋದು ಮಗೂಗೆ ತಿಳಿಯೋದೇ ಇಲ್ಲ, ಕೋಲು ಮುರಿದ್ರೆ ಕಣ್ಣಿಗೇ ಕಾಣುತ್ತೆ. ಬೆಲ್ಜಿಯಂನ ಮೇಷ್ಟ್ರು ಜಾರ್ಜ್ ಕ್ವಿಸನೇರ್ ಮಾಡಿದ 1ರಿಂದ 10 ಸೆಂಟಿಮೀಟರ್ ಉದ್ದದ ಬಣ್ಣದ ಕಡ್ಡಿಗಳು ಉದ್ದ ಹೋಲಿಸೋಕೆ ತುಂಬಾ ಚೆನ್ನ, ಆದ್ರೆ ಮುರಿಯೋಕೆ ಬರಲ್ಲ, ಅದಕ್ಕೆ ಇಲ್ಲಿ ಸಿಕ್ಕಿಸೋ ಬ್ಲಾಕೇ ಬೇಕು.

ಇಷ್ಟಾದ್ಮೇಲೂ ಸೀದಾ ಪ್ಲಸ್, ಮೈನಸ್‌ಗೆ ಹಾರಬೇಡಿ. ಕೈಲಿ ಮಾಡಿದ್ದನ್ನ ಮೊದ್ಲು ಚೌಕ ಚೌಕವಾಗಿ ಬಿಡಿಸ್ಲಿ, ಆಮೇಲೆ ಅದರ ಕೆಳಗೆ ಅಂಕಿ ಬರೀಲಿ. ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಕೈ, ಚಿತ್ರ, ಚಿಹ್ನೆ ಅನ್ನೋ ಸಾಲೂ ಇದೇನೇ. ಬರೆಯುವಾಗ ಬ್ಲಾಕಿನ ಡಬ್ಬಿ ಪಕ್ಕದಲ್ಲೇ ಮುಚ್ಚಳ ತೆಗೆದಿರ್ಲಿ, ಬೇಕಾದಾಗ ಮಗು ಕೈ ಹಾಕುತ್ತೆ, ಬೇಡವಾದಾಗ ತಾನಾಗೇ ಬಿಡುತ್ತೆ.